ಪ್ಲಾನಿನಲ್ಲಿದ್ದ ಗೋಡೆ

ನಗರಸಭೆಯ ಎಂಜಿನಿಯರು ದೂರು ಓದಿ, ಎದುರಿಗೆ ನಿಂತ ಹೆಂಗಸಿನ ಮುಖ ನೋಡಿದರು.

“ಇದು ನಿಮ್ಮ ಮನೇನಾ?”

“ಅಲ್ಲ ಸಾರ್. ಹೋದ ವರ್ಷ ಅಲ್ಲಿ ಬಾಡಿಗೆಗಿದ್ವಿ. ನೀವು ಪಾಸ್ ಮಾಡಿರೋ ಪ್ಲಾನಲ್ಲಿ ತಾರಸಿ ಸುತ್ತ ಗೋಡೆ ಇದೆ, ಮನೇಲಿಲ್ಲ. ಓನರ್‌ಗೆ ನೋಟಿಸ್ ಕೊಡಿ.”

ಇಂಥ ದೂರುಗಳನ್ನು ಅವರು ಬೇಕಾದಷ್ಟು ಕಂಡಿದ್ದರು. ಮನೆ ಬಿಟ್ಟ ಬಾಡಿಗೆದಾರರು ಮಾಲೀಕರ ಮೇಲಿನ ಸಿಟ್ಟನ್ನೆಲ್ಲ ತಂದು ಸುರಿಯುತ್ತಿದ್ದುದು ಇದೇ ಮೇಜಿನ ಮೇಲೆ.

“ಅಡ್ವಾನ್ಸ್ ವಾಪಸ್ ಕೊಡ್ಲಿಲ್ವೇನಮ್ಮಾ?”

“ಕೊಟ್ರು ಸಾರ್. ಕೇಳದೇನೇ ಜಾಸ್ತಿ ಕೊಟ್ರು.”

“ಮತ್ತೆ ನಿಮಗೇನು ತೊಂದ್ರೆ? ಈಗಿರೋರೇ ಸುಮ್ಮನಿದ್ದಾರೆ.”

“ಅವರು ಹೊಸಬರು. ಓನರ್ ಅವರಿಗೇನೂ ಹೇಳಿರಲ್ಲ. ಅವರಿಗೊಂದು ಪುಟ್ಟ ಮಗು ಇದೆ ಸಾರ್.”

“ಅವರ ಮಗೂನ ಅವರು ನೋಡ್ಕೋತಾರೆ, ಬಿಡಿ. ಊರ ಉಸಾಬರಿ ನಿಮಗ್ಯಾಕೆ?” ಎಂಜಿನಿಯರು ಅರ್ಜಿಯನ್ನು ಹಿಂದಕ್ಕೆ ತಳ್ಳಿದರು.

ಆಕೆ ಅದನ್ನು ಮತ್ತೆ ಅವರ ಮುಂದಕ್ಕೆ ಸರಿಸಿದಳು.

“ನನ್ನ ಮಗ ಕೊನೇ ಸಲ ಆಡ್ತಿದ್ದ ಚೆಂಡು ಆ ತಾರಸಿ ಮೇಲೇ ಉಳ್ಕೊಂಡಿತ್ತು ಸಾರ್. ಇವತ್ತು ಬೆಳಿಗ್ಗೆ ಆ ಬೀದೀಲಿ ಬರ್ತಾ ತಲೆ ಎತ್ತಿ ನೋಡ್ದೆ. ಅದು ಆ ಮಗೂ ಕೈಲಿತ್ತು.”