ಮೂರನೆಯ ಕಲ್ಲು

ಕೆಂಗೇರಿ ಉಪನಗರದ ಆ ಖಾಲಿ ಸೈಟಿನಲ್ಲಿ ಒಂದೇ ಒಂದು ಗುಡಾರವೂ ಇರಲಿಲ್ಲ. ಜೈಲಿನಿಂದ ನೆಟ್ಟಗೆ ಬಂದಿದ್ದ ಕೆಂಚಯ್ಯ ಬಟ್ಟೆಗಂಟು ಹಿಡಿದುಕೊಂಡು ಸುತ್ತ ನೋಡಿದ. ಹೆಂಡತಿ ಹನುಮಕ್ಕ, ಮಗಳು, ಜೊತೆಗಿದ್ದ ಇರುಳಿಗ ಬುಡಕಟ್ಟಿನ ಸಂಸಾರಗಳು, ಎಲ್ಲಾ ಎಲ್ಲಿಗೆ ಹೋದರು?

"ಸೈಟಿನೋರು ಬಂದು ಎಬ್ಬಿಸಿಬಿಟ್ರು ಕಣಪ್ಪಾ," ಎದುರು ಮನೆಯ ಲಕ್ಷ್ಮಿದೇವಮ್ಮ ಗೇಟು ತೆಗೆಯದೆಯೇ ಅಂದರು. "ಎಲ್ಲಿಗೆ ಹೋದ್ರೋ ಯಾರಿಗ್ಗೊತ್ತು?"

ಕೆಂಚಯ್ಯನಿಗೆ ಗೊತ್ತಾಯಿತು. ಹೊಂಗೆ ಮರದಡಿ ಹನುಮಕ್ಕನ ಒಲೆಗಲ್ಲುಗಳಿದ್ದವು. ಎರಡು ಜೊತೆಯಲ್ಲಿ, ಮೂರನೆಯದು ನಾಲ್ಕು ಮಾರು ಆಚೆಗೆ, ಮಾಗಡಿ ದಿಕ್ಕಿಗೆ. ಬಿಡಾರ ಕಿತ್ತಾಗ ಹಿಂದೆ ಉಳಿದವರಿಗೆ ತಿಳಿಯಲಿ ಅಂತ ಒಂದು ಕಲ್ಲನ್ನು ಹೊರಟ ಕಡೆಗೆ ಸರಿಸಿಡುವುದು ಅವನ ಗುಂಪಿನ ವಾಡಿಕೆ. 'ನನ್ನ ಮರ್ತಿಲ್ಲ ಕಣೇ ನೀನು' ಅಂದುಕೊಂಡ. ಗಂಟು ಹೆಗಲಿಗೇರಿಸಿ ಹೆಜ್ಜೆ ಹಾಕಿಯೇಬಿಟ್ಟ.

ಅಡ್ಡಲಾಗಿ ಬೈಕು ನಿಂತಿತು. ಅವನ ವಿಳಾಸ ನೋಡಿಕೊಂಡು ಹೋಗಲು ಬಂದ ಹೆಡ್ ಕಾನ್‌ಸ್ಟೆಬಲ್ ವೆಂಕಟೇಶ್.

"ಬಂದ ದಿನಾನೇ ಎಲ್ಲಿಗಯ್ಯಾ ಸವಾರಿ?"

"ಹೆಂಡ್ರು ಮಕ್ಕಳ ತಾವ್ಕೆ, ಸಾಮಿ."

"ಹಂಗೆಲ್ಲ ಹೋಗಂಗಿಲ್ಲ. ಕೋರ್ಟಿಗೆ ಕೊಟ್ಟಿರೋ ಅಡ್ರೆಸ್ ಇದು. ಕೇಸು ಮುಗಿಯೋತನಕ ಇಲ್ಲೇ ಇರ್ಬೇಕು. ವಾರವಾರ ಬಂದು ನೋಡ್ತೀನಿ. ಇಲ್ದೆ ಹೋದ್ರೆ ವಾರೆಂಟು, ಮತ್ತೆ ಒಳಗೆ."

ಕೇಬಲ್ ಕದ್ದನೆಂದು ಹಿಡಿದಿದ್ದರು. ಜಾಮೀನು ಎಂದೋ ಸಿಕ್ಕಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಇರುಳಿಗನಿಗೆ ತನ್ನ ಜಮೀನಿನ ಪಹಣಿ ತಂದು ಶ್ಯೂರಿಟಿ ನಿಲ್ಲುವ ಪುಣ್ಯಾತ್ಮ ಸಿಗದೆ ಒಳಗೇ ಕೊಳೆತ. ಈಗ ಹೊಸ ನಿಯಮ ಬಂತು. ಗತಿಯಿಲ್ಲದವನಿಗೆ ಅವನ ಮಾತೇ ಶ್ಯೂರಿಟಿ, ಹೇಳಿದ ವಿಳಾಸದಲ್ಲಿದ್ದರೆ ಸಾಕು. ಒಳ್ಳೆಯ ನಿಯಮವೇ, ಇಲ್ಲ ಅನ್ನುವವರಾರು?

"ಇಲ್ಲಿ ಮನೇನೇ ಇಲ್ವಲ್ಲ, ಸಾಮಿ."

ವೆಂಕಟೇಶ್ ಖಾಲಿ ಸೈಟನ್ನೊಮ್ಮೆ ನೋಡಿದ. ಪಾಪ ಅನ್ನಿಸಿರಬೇಕು, ದನಿ ತಗ್ಗಿತು. "ಲಾಯರ್ ಹತ್ರ ಹೇಳಿ ಅಡ್ರೆಸ್ ಬದಲಾಯ್ಸು. ಅವ್ರು ಈಗ ಎಲ್ಲಿದಾರೆ ಹೇಳು?"

ಕೆಂಚಯ್ಯ ಕಲ್ಲಿದ್ದ ದಿಕ್ಕಿಗೆ ಕೈ ತೋರಿಸಿದ. "ಆ ಕಡೆ, ಸಾಮಿ."

"ಅದು ಅಡ್ರೆಸ್ಸಾ? ಸರಿ ಹೋಯ್ತು!" ಬೈಕು ಹೊರಟುಹೋಯಿತು. ಲಕ್ಷ್ಮಿದೇವಮ್ಮನೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಜೈಲಿನಲ್ಲಾದರೆ ಪಕ್ಕದಲ್ಲಿ ಕೆಮ್ಮುವವನಾದರೂ ಒಬ್ಬನಿದ್ದ. ಇಲ್ಲಿ ಅದೂ ಇಲ್ಲ.

ಕೆಂಚಯ್ಯ ಬಹಳ ಹೊತ್ತು ಮಾಗಡಿಯ ಕಡೆಗೇ ನೋಡುತ್ತ ನಿಂತ. ಆಮೇಲೆ ಹೋಗಿ ಆ ಮೂರನೆಯ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ತಂದು, ಉಳಿದೆರಡರ ಪಕ್ಕ ಮೊದಲಿನಂತೆಯೇ ಇಟ್ಟ. ಬೆಂಕಿಯಿಲ್ಲ, ಮಡಕೆಯಿಲ್ಲ. ಆದರೂ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಮುಂದಿನ ವಾರ ಬರುವ ಪೊಲೀಸರಿಗೆ ಇಲ್ಲೊಂದು ಮನೆಯಿದೆ ಅಂತ ಕಾಣಬೇಕಲ್ಲ.