ಹಾರ ಕದ್ದವರು

ಜೋಳ ಹಸನು ಮಾಡುವ ಧೂಳಿನ ವಾಸನೆ ಬಂದರೆ ನಾನು ಈಗಲೂ ಅಲ್ಲಿ ನಿಲ್ಲುವುದಿಲ್ಲ.

ಕೊಣ್ಣೂರಿನ ನಮ್ಮ ಮನೆಯ ಟಿ.ವಿ.ಯಲ್ಲಿ ಭಾನುವಾರ ಮಧ್ಯಾಹ್ನ ವಾರಕ್ಕೊಂದು ಕತೆಯ ಹಿಂದಿ ಪತ್ತೇದಾರಿ ಧಾರಾವಾಹಿ ಬರುತ್ತಿತ್ತು. ಜೋಳ ಹಸನು ಮಾಡಲು ಬರುತ್ತಿದ್ದ ಕಲ್ಲವ್ವ ಕಿಟಕಿಯಾಚೆ ನಿಂತು ನೋಡುತ್ತಿದ್ದಳು. ಹಿಂದಿ ಬಾರದ ಅವಳಿಗೆ ನಾನೇ ಕತೆ ಹೇಳಬೇಕು. ನನಗೆ ಬಹಳ ಸೇರಿದ್ದು ಮುತ್ತಿನ ಹಾರದ ಕತೆ. ಅದನ್ನು ಕದ್ದವನು ಆ ಮನೆಯ ಮಗನೇ.

“ಹಾರ ಯಾರ ಕದ್ದಾರ, ತಂಗಿ?”

“ಕೆಲಸದಾಕಿ,” ಎಂದೆ, ನಗು ತಡೆದುಕೊಂಡು.

ಕಲ್ಲವ್ವ ಸಂಜೆ ಹೊರಡುವಾಗ ಅಜ್ಜಿಯ ಮುಂದೆ ನಿಂತು ಸೀರೆಯ ಉಡಿ ಬಿಚ್ಚಿ ಝಾಡಿಸಿದಳು.

“ನೋಡ್ರಿ ಅಮ್ಮಾರ, ಏನೂ ಇಲ್ರಿ.”

“ಯಾರ ಕೇಳ್ಯಾರ ನಿನ್ನ?” ಎಂದಳು ಅಜ್ಜಿ.

ಸೆರಗಿಗೆ ಅಂಟಿದ್ದ ಎರಡು ಕಾಳು ನೆಲಕ್ಕೆ ಬಿದ್ದವು. ಅವನ್ನೂ ಆರಿಸಿ ರಾಶಿಗೆ ಹಾಕಿ ಹೋದಳು.