ಹಿಮದ ಪದ್ಯ

ಫ್ರೀಜರಿನಲ್ಲಿ ಕಟ್ಟಿದ ಹಿಮವನ್ನು ಚಮಚದಿಂದ ಕೆರೆಯುವಾಗಲೆಲ್ಲ ಆ ಮಧ್ಯಾಹ್ನ ನೆನಪಾಗುತ್ತದೆ. ಮಾಗಡಿ ಕಡೆಯ ನಮ್ಮೂರ ಶಾಲೆಯಲ್ಲಿ ನಾನು ಹಿಮದ ಮೇಲೊಂದು ಪದ್ಯ ಬರೆದಿದ್ದೆ. ಅಣ್ಣ ಅಪ್ಪನ ಮೊಬೈಲಿನಲ್ಲಿ ಕದ್ದು ಆಡುತ್ತಿದ್ದ ಗೇಮಿನಲ್ಲಿ, ನಡೆದು ಹೋದವನ ಹೆಜ್ಜೆಗಳನ್ನು ಹಿಮ ಸದ್ದಿಲ್ಲದೆ ಮುಚ್ಚುತ್ತಿತ್ತು. ಅದನ್ನೇ ಬರೆದಿದ್ದೆ.

ಮೇಷ್ಟ್ರು ಅಪ್ಪನನ್ನು ಕರೆಸಿದರು. "ಹಿಮಾನೇ ಕಾಣದ ಹುಡ್ಗಿಗೆ ಇದೆಲ್ಲಾ ಎಲ್ಲಿಂದ ಬರ್ಬೇಕು? ಕದ್ದು ಬರ್ದವ್ಳೆ."

"ನಾನೇ ಬರ್ದಿದ್ದು. ಗೇಮಲ್ಲಿ ನೋಡ್ದೆ. ಅಣ್ಣನ್ನ ಕೇಳಿ," ಎಂದೆ.

ಬಾಗಿಲಲ್ಲಿ ನಿಂತಿದ್ದ ಅಣ್ಣ ಅಪ್ಪನ ಮುಖ ನೋಡಿದ. "ಯಾವ್ ಗೇಮೂ ಇಲ್ಲ ಸಾರ್," ಎಂದ.

ಅಪ್ಪ ಹಾಳೆಯ ಕಡೆ ನೋಡಲೂ ಇಲ್ಲ. "ತಪ್ಪಾಯ್ತು ಅಂತ ಯೋಳವ್ವ," ಎಂದರು.

ಹೇಳಿದೆ. ಮೇಷ್ಟ್ರು ಪದ್ಯವನ್ನು ಹರಿದು ಹಾಕಿ, ಒಳ್ಳೆಯ ಮಗು ಎಂದು ನನ್ನ ತಲೆ ಸವರಿದರು.